ಅಕ್ಕನ ಕೈಗೆ ಮಾತ್ರ

ಬೆಳಗ್ಗೆ ಹನ್ನೊಂದಕ್ಕೆ ನಾಯಿಯ ಮೂತ್ರಕೋಶ ಮತ್ತೆ ತುಂಬಿತ್ತು. ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ನಂತರ ಅದಕ್ಕೆ ತಾನಾಗಿ ಮೂತ್ರ ಮಾಡಲು ಆಗುತ್ತಿರಲಿಲ್ಲ. ಕೆಲವು ಗಂಟೆಗಳಿಗೊಮ್ಮೆ ಹೊಟ್ಟೆ ಒತ್ತಿ ತೆಗೆಯಬೇಕಿತ್ತು. ಅಕ್ಕನ ಕೈಗೆ ಮಾತ್ರ ಅದು ಬಗ್ಗುತ್ತಿತ್ತು. ಅವಳ ಹೊಲಿಗೆ ಅಂಗಡಿ ಮುಚ್ಚಿಯೇ ಇತ್ತು. ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗತೊಡಗಿದ್ದರು.

“ನಾನು ಮುಟ್ಟಿದ್ರೆ ಹೊಟ್ಟೆ ಕಲ್ಲು ಮಾಡ್ಕೊಳ್ಳುತ್ತೆ ಕಣಕ್ಕಾ,” ಎಂದ ತಮ್ಮ.

“ಹಾಗಾದ್ರೆ ನನ್ನ ಕೈ ಬಿಚ್ಚಿಟ್ಟು ಹೋಗ್ಲೇನೋ?”

ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟಿದ್ದ ಅವಳು ಬಗ್ಗಿ, ತಮ್ಮನ ಕೈಯನ್ನು ನಾಯಿಯ ಹೊಟ್ಟೆಗಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಒತ್ತಿದಳು. ಮೂತ್ರ ಹರಿಯಿತು. ಸದ್ದಿಲ್ಲದೆ ತನ್ನ ಕೈ ತೆಗೆದಳು. ನಾಯಿ ತಲೆಯೆತ್ತಿ ಅವಳತ್ತ ನೋಡಿತು. ಹೊಟ್ಟೆ ಬಿಗಿಯಾಗಿ ಹರಿವು ನಿಂತಿತು.

“ನೋಡಿದ್ಯಾ?” ಎಂದ ತಮ್ಮ.

ಅವಳು ಚಪ್ಪಲಿ ಕಳಚಿ ನೆಲದ ಮೇಲೆ ಕೂತು, ಉಳಿದದ್ದನ್ನು ತಾನೇ ಒತ್ತಿ ತೆಗೆದಳು. ಅಂಗಡಿ ಅಂದೂ ತೆರೆಯಲಿಲ್ಲ.