ಎಡಕ್ಕೆ ಯಾರ ಮನೆ

ಮೂವತ್ತು ವರ್ಷದಿಂದ ನಾನು ಫೆಜ್ ಊರಿನ ಹಳೇ ಪೇಟೆಯಲ್ಲಿ ಮನೆಗಳ ಕ್ರಯಪತ್ರ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇವೆ ಅನ್ನಬೇಕು, ನಮ್ಮದು ಜೋಡಿ ಕಸುಬು. ಮಾರುವವನು ಹೇಳಿದ್ದನ್ನೂ ಕೊಳ್ಳುವವನು ಒಪ್ಪಿದ್ದನ್ನೂ ಇಬ್ಬರು ಅದೂಲರು, ಅಂದರೆ ನಮ್ಮಂಥ ಪತ್ರ ಬರೆಯುವವರು, ಒಟ್ಟಿಗೆ ಕೂತು ಕೇಳಿಸಿಕೊಳ್ಳಬೇಕು, ಇಬ್ಬರೂ ಸಹಿ ಹಾಕಬೇಕು. ಒಬ್ಬನೇ ಕೇಳಿದರೆ ಅದು ಕೇಳಿದ ಹಾಗಲ್ಲ. ನನ್ನ ಜೋಡಿ ಸಿ ಮೆಕ್ಕಿ. ಸಿ ಎನ್ನುವುದು ನಮ್ಮಲ್ಲಿ ಗಂಡಸರಿಗೆ, ಲಲ್ಲಾ ಎನ್ನುವುದು ಹೆಂಗಸರಿಗೆ ಮರ್ಯಾದೆಯ ಮಾತು. ಹೆಂಡತಿಯ ಜೊತೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ನಾನು ಅವನ ಜೊತೆ ಕೂತಿದ್ದೇನೆ. ಅವನ ಕೆಮ್ಮು, ಅವನ ನಶ್ಯ, ಪ್ರತಿ ಮಧ್ಯಾಹ್ನ ಅವನು ಹೇಳುವ ಅದೇ ಸೊಸೆಯ ದೂರು, ಎಲ್ಲ ನನಗೆ ಬಾಯಿಪಾಠ.

ಪತ್ರದಲ್ಲಿ ನನಗೆ ಬೇಸರ ತರಿಸುವ ಭಾಗ ಚಕ್ಕುಬಂದಿ. ಮುಂದಕ್ಕೆ ಓಣಿ, ಬಲಕ್ಕೆ ಇಂಥವರ ಮನೆ, ಎಡಕ್ಕೆ ಇಂಥವರ ಮನೆ, ಹಿಂದಕ್ಕೆ ಇಂಥವರ ಗೋಡೆ. ನಾವು ಓದಿ ಹೇಳುವಾಗ ಮಾರುವವನು ಆಕಳಿಸುತ್ತಾನೆ, ಕೊಳ್ಳುವವನು ಬೀಗದ ಕೈ ನೋಡುತ್ತಿರುತ್ತಾನೆ. ಇನ್ನೊಂದು ಸಲ ಓದಿ ಎಂದು ಈವರೆಗೆ ಒಬ್ಬ ಹುಟ್ಟಿದ ಮಗನೂ ಕೇಳಿರಲಿಲ್ಲ. ಹಾಗಾಗಿ ನಾವೂ ಹಳೇ ಪತ್ರ ನೋಡಿ ನಕಲು ಮಾಡುತ್ತಿದ್ದೆವು, ಇಲ್ಲವೇ ಓಣಿಯಲ್ಲಿ ಸಿಕ್ಕವರನ್ನು ಕೇಳಿ ಬರೆಯುತ್ತಿದ್ದೆವು. ನಮ್ಮ ಪತ್ರಗಳಲ್ಲಿ ಸತ್ತು ಐವತ್ತು ವರ್ಷವಾದವರೂ ಇನ್ನೂ ಪಕ್ಕದ ಮನೆಯಲ್ಲೇ ಇದ್ದಾರೆ.

ಈ ವಸಂತದಲ್ಲಿ ಜವಾದ್ ಎನ್ನುವವನು ನಮ್ಮ ಕೋಣೆಗೆ ಬಂದ. ಹಾಜ್ ಬುಶ್ತಾನ ಮನೆಯನ್ನು ಕೊಳ್ಳಲು ಮಾತಾಗಿತ್ತು. ಹಾಜ್ ಪಕ್ಕದಲ್ಲೇ ಕೂತು ಚಹಾಕ್ಕೆ ಪುದೀನ ಸಾಲದು ಎಂದು ಗೊಣಗುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಮನೆಯನ್ನು ಅವನು ಕೊಂಡಾಗ ಪತ್ರ ಮಾಡಿಕೊಟ್ಟವರೂ ನಾವೇ. ಜವಾದ್ ಅದರ ನಕಲನ್ನು ಮೇಜಿನ ಮೇಲೆ ಹರಡಿದ.

"ಚಕ್ಕುಬಂದಿ ಹೀಗೇ ಇರ್ಲಿ ಸಿ ಥಾಮಿ. ಒಂದಕ್ಷರ ಆಚೀಚೆ ಆಗೋದು ಬೇಡ."

"ಒಳ್ಳೇದೇ ಆಯ್ತು, ಕೆಲಸ ಕಮ್ಮಿ," ಎಂದ ಮೆಕ್ಕಿ.

ನನಗೆ ಮಾತ್ರ ಎಲ್ಲೋ ಚುರುಕ್ಕೆಂದಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಒಬ್ಬ ಮನುಷ್ಯ ಚಕ್ಕುಬಂದಿಯ ಸುದ್ದಿ ಎತ್ತಿದ್ದ. ಕನ್ನಡಕ ಹಾಕಿಕೊಂಡು ಓದಿದೆ. "ಎಡಕ್ಕೆ ಅಲ್ಲಾಲನ ಮನೆ." ನನ್ನದೇ ಕೈಬರಹ. ಅಲ್ಲಾಲ್ ಎಂದರೆ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಚರ್ಮದ ವ್ಯಾಪಾರಿ, ಈ ಜವಾದನ ಅಪ್ಪ.

"ಮನೆ ನೋಡಿ ಬರ್ತೀವಿ," ಎಂದೆ.

"ನೋಡೋದೇನಿದೆ? ಇಪ್ಪತ್ತೆರಡು ವರ್ಷದಿಂದ ಅಲ್ಲೇ ನಿಂತಿದೆ."

"ನಿಂತಿದೆಯೋ ಇಲ್ವೋ ಅಂತಾನೇ ನೋಡೋದು," ಎಂದೆ. ಮೆಕ್ಕಿ ನನ್ನನ್ನು ಕೆಕ್ಕರಿಸಿ ನೋಡಿದ. ಮೆಟ್ಟಿಲೆಂದರೆ ಅವನ ಮಂಡಿಗೆ ಆಗದು.

ಹಾಜ್ ಬುಶ್ತಾನ ತಾರಸಿ ಏರುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಎಡಗಡೆಯ ಮೋಟುಗೋಡೆಯಾಚೆ ಬಿಳಿ ಬಟ್ಟೆ ಹಾಸಿ ಕಿತ್ತಳೆ ಹೂವು ಹರಡಿತ್ತು. ತಾಮ್ರದ ಪಾತ್ರೆ ಒಲೆಯ ಮೇಲಿತ್ತು. ಅಲ್ಲಾಲನ ವಿಧವೆ ಲಲ್ಲಾ ಶಾಮಾ ಹೂವಿನ ನೀರು ಭಟ್ಟಿ ಇಳಿಸುತ್ತಿದ್ದಳು. ಅರವತ್ತರ ಹೆಂಗಸು, ಬೆರಳೆಲ್ಲ ಹೂವಿನ ಅಂಟು. ನಮ್ಮನ್ನು ನೋಡಿ ಎದ್ದಳು, ಆದರೆ ಸಲಾಂ ಹೇಳಲಿಲ್ಲ.

"ಬಂದ್ರಾ? ಇನ್ನೊಂದ್ಸಲ ಬರೆಯೋಕೆ ಬಂದ್ರಾ?"

"ಏನ್ ಲಲ್ಲಾ ಹಾಗಂದ್ರೆ?"

"ನಿಮ್ಮ ಕೈಬರಹ ಕೋರ್ಟಲ್ಲಿ ಕೂತಿದೆ ಸಿ ಥಾಮಿ. ಈ ಮನೆ ನಮ್ಮಪ್ಪಂದು, ಭಾಗ ಮಾಡ್ಕೊಡಿ ಅಂತ ಜವಾದ್ ದಾವೆ ಹಾಕಿದಾನೆ. ಅವನು ನನ್ನ ಗಂಡನ ಮೊದಲ್ನೇ ಹೆಂಡ್ತಿ ಮಗ. ನನಗೆ ಎಂಟರಲ್ಲಿ ಒಂದು ಭಾಗ ಬರುತ್ತಂತೆ. ಮಿಕ್ಕಿದ್ದು ತಗೊಂಡು, ಈ ಗೋಡೆ ಒಡೆದು, ಎರಡೂ ಮನೆ ಸೇರಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಬಿಡ್ತಾನಂತೆ."

"ಮನೆ ಅಲ್ಲಾಲಂದಲ್ವಾ?" ಎಂದ ಮೆಕ್ಕಿ.

"ನಮ್ಮಮ್ಮಂದು. ಅವಳಿಗೆ ಅವಳ ಅಪ್ಪನಿಂದ ಬಂದಿದ್ದು. ಅಲ್ಲಾಲ್ ಬಗಲಲ್ಲಿ ಒಂದು ಹಾಸಿಗೆ ಸುತ್ಕೊಂಡು ಮನೆ ಅಳಿಯ ಆಗಿ ಬಂದ. ಪಾಪ, ಅವನೇನೂ ನನ್ನದು ಅನ್ಲಿಲ್ಲ. ಓಣಿಯವ್ರು ಅಂದ್ರು. ನೀವು ಬರೆದ್ರಿ."

ಮೂಲಪತ್ರ ಕೇಳಿದೆ. ಮುತ್ತಾತನ ಕಾಲದ್ದು, ಹೋದ ವರ್ಷ ಸೂರು ಸೋರಿ ಪೆಟ್ಟಿಗೆಯೊಳಗೇ ಮುದ್ದೆಯಾಗಿತ್ತು. ಯಾವ ದಫ್ತರಿನಲ್ಲೂ ಅದಕ್ಕೆ ನಕಲಿರಲಿಲ್ಲ.

"ನಮ್ಮಮ್ಮ ಬತೂಲ್ ಇಲ್ಲೇ, ಈ ಗೋಡೆ ಹತ್ರ ಕೂತಿರ್ತಿದ್ಲು," ಎಂದಳು ಶಾಮಾ. "ನೀವು ಹಾಜ್ ಬುಶ್ತಾಗೆ ಪತ್ರ ಮಾಡೋಕೆ ಬಂದ ದಿನ ಬಾದಾಮಿ ಕಡುಬಿನ ತಟ್ಟೆ ಈಚೆ ದಾಟಿಸಿ ಹೇಳಿದ್ಲು. ಇದು ನಮ್ಮಪ್ಪ ನನಗೆ ಬಿಟ್ಟ ಮನೆ, ನನ್ನ ನಂತರ ಶಾಮಾಂದು, ಸರಿಯಾಗಿ ಬರ್ಕೊಳ್ಳಿ ಅಂತ. ನೀವು ಬಾಯ್ತುಂಬ ಕಡುಬು ಇಟ್ಕೊಂಡು ಹೂಂ ಅಂದ್ರಿ."

ನೆನಪಾಯಿತು. ಕಡುಬಿನ ಮೇಲಿನ ಹಿಟ್ಟು ನನ್ನ ಕಪ್ಪು ಜುಬ್ಬದ ಮೇಲೆ ಉದುರಿದ್ದೂ, ಮುದುಕಿ ನಕ್ಕಿದ್ದೂ ನೆನಪಾಯಿತು. ಆಮೇಲೆ ಕೆಳಗಿಳಿದು ರೊಟ್ಟಿ ಒಲೆಯವನನ್ನು ಇದು ಯಾರ ಮನೆಯೋ ಎಂದು ಕೇಳಿದ್ದೆ. ಅಲ್ಲಾಲಂದು ಎಂದಿದ್ದ. ಮುದುಕಿಯ ಪೂರ್ತಿ ಹೆಸರು, ಅವಳ ಅಪ್ಪನ ಹೆಸರು ಕೇಳಲು ಮತ್ತೆ ಅಷ್ಟು ಮೆಟ್ಟಿಲು ಹತ್ತಬೇಕಿತ್ತು. ಊಟದ ಹೊತ್ತಾಗಿತ್ತು. ಮೇಲಾಗಿ ಚಕ್ಕುಬಂದಿಗೆ ಗಂಡಸಿನ ಹೆಸರೇ ಲಕ್ಷಣ ಎಂದುಕೊಂಡೆ. ಒಂದು ಗೆರೆ. ಯಾರು ಓದುತ್ತಾರೆ ಎಂದುಕೊಂಡೆ.

ಓಣಿಯಲ್ಲಿ ನಡೆಯುವಾಗ ಮೆಕ್ಕಿ ಪಿಸುಗುಟ್ಟಿದ. "ನೆನಪಿಲ್ಲ ಅಂದ್ಬಿಡು. ಮುಗೀತು."

"ನೆನಪಿದೆ ಕಣಯ್ಯ."

"ನನಗೂ ಇದೆ. ಅದಕ್ಕೇ ಹೇಳ್ತಿರೋದು."

ಮರುದಿನ ಜವಾದನಿಗೆ, ಅಲ್ಲಾಲನ ಹೆಸರು ಇನ್ನೊಮ್ಮೆ ಬರೆಯಲಾಗದು ಎಂದೆ. ಅವನು ಕೂಗಾಡಲಿಲ್ಲ. ಹಳೇ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ.

"ನಿಜ ಹೇಳಿ ಅಂತ ಯಾರು ಕೇಳಿದ್ರು ನಿಮ್ಮನ್ನ? ನಕಲು ಮಾಡಿ ಅಂದೆ. ನೀವು ಬರೆದಿದ್ದನ್ನೇ ನೀವು ನಂಬಲ್ಲ ಅಂದ್ರೆ ನಾವೇನ್ರೀ ಮಾಡ್ಬೇಕು?"

ಅವನು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಉಳಿಯಿತು. ಸಿಟ್ಟು ಬಂತು, ಆದರೆ ಅವನ ಮೇಲಲ್ಲ.

ಕಾಗದವಿಲ್ಲದ ಮನೆಗೆ ನಮ್ಮಲ್ಲಿ ಒಂದು ದಾರಿ ಇದೆ. ಹನ್ನೆರಡು ಜನ ಬಲ್ಲವರು ಇಬ್ಬರು ಅದೂಲರ ಮುಂದೆ ನಿಂತು, ಈ ಮನೆ ಇಂಥವರ ಸ್ವಾಧೀನದಲ್ಲಿ ಇಷ್ಟು ಕಾಲದಿಂದ ಇದೆ, ಅದು ಅವರದೇ ಎಂದು ನಾವು ಬಲ್ಲೆವು ಎಂದು ಸಾಕ್ಷಿ ಹೇಳಬೇಕು. ಪ್ರತಿಯೊಬ್ಬನೂ ಹೇಗೆ ಬಲ್ಲೆ ಎನ್ನುವುದನ್ನೂ ಹೇಳಬೇಕು. ಶಾಮಾ ಮನೆಮನೆ ತಿರುಗಿದಳು. ಮೊದಲಾಗಿದ್ದರೆ ಹನ್ನೆರಡು ಜನ ಒಂದೇ ಬೆಳಿಗ್ಗೆ ಸಿಗುತ್ತಿದ್ದರು. ಈಗ ಅರ್ಧ ಓಣಿ ಪ್ರವಾಸಿಗಳ ತಂಗುಮನೆ. ಹಳಬರು ಸತ್ತರು, ಉಳಿದವರು ಹೊಸ ಬಡಾವಣೆಗೆ ಹೋದರು. ರೊಟ್ಟಿ ಒಲೆಯವನು ತಪ್ಪಿಸಿಕೊಂಡ, ಅವನ ಅಂಗಡಿ ಈಗ ಜವಾದನದು. ಹಾಜ್ ಬುಶ್ತಾನಿಗೆ ಗಿರಾಕಿ ಕೈಬಿಡುತ್ತಾನೆಂಬ ಹೆದರಿಕೆ. ಊರವರು ಸ್ನಾನಕ್ಕೆ ಹೋಗುವ ಹಮಾಮಿನ ಬೆಂಕಿಯವನು, ಇಬ್ಬರು ಚಮ್ಮಾರರು, ಒಬ್ಬ ಕುರುಡ ಕುರಾನ್ ಪಾರಾಯಣದವನು, ಹೀಗೆ ಒಟ್ಟುಗೂಡಿಸಿದರೂ ಲೆಕ್ಕ ಹನ್ನೊಂದಕ್ಕೇ ನಿಂತಿತು.

ಅವಳು ನಮ್ಮ ಕೋಣೆಗೆ ಬಂದು ಹೊಸ್ತಿಲ ಮೇಲೇ ನಿಂತಳು. "ಹನ್ನೊಂದು ಸಾಲಲ್ವಾ?"

"ಸಾಲಲ್ಲ ಲಲ್ಲಾ."

"ಸರಿ ಬಿಡಿ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಬೇರೆ ಅದೂಲರ ಹತ್ರ ಹೋಗಿ," ಎಂದೆ. "ಇಲ್ಹಾಮ್ ಅಂತ ಹುಡುಗಿ ಇದಾಳೆ, ಪೇಟೆ ಬಾಗಿಲಿನಾಚೆ ಬೀದೀಲಿ. ಪತ್ರ ಅವಳು ಬರೀಲಿ. ಪತ್ರ ಬರೆಯೋನು ಅದರಲ್ಲೇ ಸಾಕ್ಷಿ ಆಗೋ ಹಾಗಿಲ್ಲ."

ಅವಳಿಗೆ ಕೂಡಲೇ ತಿಳಿಯಲಿಲ್ಲ. ಮೆಕ್ಕಿಗೆ ತಿಳಿಯಿತು. ಅವಳು ಹೋದ ಕೂಡಲೇ ಶುರುಮಾಡಿದ.

"ತಲೆ ನೆಟ್ಟಗಿದೆಯಾ ನಿಂಗೆ? ನಾನೇ ತಪ್ಪು ಬರೆದೆ ಅಂತ ಪತ್ರದಲ್ಲಿ ಹೇಳ್ತೀಯಾ? ನ್ಯಾಯಾಧೀಶರು ಸುಮ್ನೆ ಬಿಡ್ತಾರಾ? ಆ ಪತ್ರದಲ್ಲಿ ನನ್ನ ಸಹೀನೂ ಇದೆ ಮಾರಾಯ."

"ನಿನ್ನ ಹೆಸರು ಎತ್ತಲ್ಲ."

"ಎತ್ತೋದೇನು, ಪಕ್ಕದಲ್ಲೇ ಇದೆ. ಮೂವತ್ತು ವರ್ಷದಿಂದ ಎಲ್ಲಾ ಕಡೆ ಪಕ್ಕದಲ್ಲೇ ಇದೆ."

ಒಂದು ವಾರ ಅವನು ನನಗೆ ಬೆನ್ನು ತಿರುಗಿಸಿ ಕೂತ. ಇಬ್ಬರೂ ಒಟ್ಟಿಗೆ ಕೇಳಲೇಬೇಕಾದ ಕಸುಬಿನಲ್ಲಿ ಮಾತುಬಿಟ್ಟು ಕೂರುವ ಕಷ್ಟ ಯಾರಿಗೂ ಬೇಡ.

ಇಲ್ಹಾಮಳ ಕೋಣೆ ನಮ್ಮದಕ್ಕಿಂತ ಚಿಕ್ಕದು, ನಮ್ಮದಕ್ಕಿಂತ ಚೊಕ್ಕಟ. ಅವಳ ಜೋಡಿಯ ಅದೂಲ ಪಕ್ಕದಲ್ಲೇ ಕೂತಿದ್ದ. ಇಲ್ಹಾಮಳಿಗೆ ನನ್ನ ಮಗಳ ವಯಸ್ಸು. ನಾನು ಹನ್ನೆರಡನೆಯವನಾಗಿ ನಿಂತಾಗ ಅವಳು ಎದ್ದು ಕುರ್ಚಿ ಕೊಡಹೋದಳು. ಬೇಡ ಎಂದೆ. ಸಾಕ್ಷಿ ಹೇಳುವವರು ನಮ್ಮ ಮುಂದೆ ನಿಂತೇ ಹೇಳಿದ್ದಾರೆ, ನಾನೂ ನಿಲ್ಲುತ್ತೇನೆ ಎಂದೆ.

"ಸಿ ಥಾಮಿ, ಆ ಮನೆ ಲಲ್ಲಾ ಶಾಮಾಂದು ಅಂತ ನಿಮಗೆ ಹೇಗೆ ಗೊತ್ತು?"

ಈ ಪ್ರಶ್ನೆಯನ್ನು ನಾನು ಜೀವಮಾನದಲ್ಲಿ ಎಷ್ಟು ಜನಕ್ಕೆ ಕೇಳಿಲ್ಲ. ಅದು ನನಗೇ ಬಂದಾಗ ಬೇರೆ.

"ಇಪ್ಪತ್ತೆರಡು ವರ್ಷದ ಹಿಂದೆ ಅವಳ ತಾಯಿ ಬತೂಲ್, ಆ ತಾರಸಿ ಮೇಲೆ, ನನಗೆ ಬಾಯಾರೆ ಹೇಳಿದ್ಲು. ನಾನು ಹೂಂ ಅಂದೆ. ಅವಳು ಕೊಟ್ಟಿದ್ದು ತಿಂದೆ. ಕೆಳಗೆ ಬಂದು ಅಳಿಯನ ಹೆಸರು ಬರೆದೆ. ಅವಳ ಬಾಗಿಲು ತಟ್ಟಿ ಕೇಳ್ಬೇಕಿತ್ತು, ಕೇಳ್ಲಿಲ್ಲ. ಆವತ್ತಿಂದ ಇವತ್ತಿನವರೆಗೂ ಆ ಮನೆಗೆ ಸುಣ್ಣ ಹೊಡೆಸಿದ್ದು, ಸೂರು ಕಟ್ಟಿಸಿದ್ದು ಈ ತಾಯಿ ಮಗಳೇ. ಅದನ್ನ ಆ ಓಣೀಲಿ ಓಡಾಡ್ತಾ ಕಣ್ಣಾರೆ ಕಂಡಿದೀನಿ."

ಇಲ್ಹಾಮ್ ತಲೆಯೆತ್ತಿದಳು. "ಇದನ್ನ ಹೀಗೇ ಬರೀಲಾ?"

"ಹೀಗೇ ಬರಿಯಮ್ಮ."

ಬರೆದಳು. ಆಮೇಲೆ ಚಕ್ಕುಬಂದಿ ಓದಿದಳು. ನಾಲ್ಕು ದಿಕ್ಕಿಗೂ ಈಗ ಬದುಕಿರುವವರ ಹೆಸರುಗಳೇ ಇದ್ದವು. ಇದನ್ನೆಲ್ಲ ಯಾರನ್ನು ಕೇಳಿ ಬರೆದೆಯಮ್ಮ ಎಂದೆ.

"ಹೋಗಿ ತಟ್ಟಿದೆ," ಎಂದಳು, ಅದರಲ್ಲೇನಿದೆ ಎನ್ನುವ ಹಾಗೆ. "ಅಷ್ಟೂ ಬಾಗಿಲು."

ನಾಚಿಕೆಯಾಯಿತು. ತೀರ್ಪಿನ ದಿನವೂ ಅಷ್ಟು ನಾಚಿಕೆಯಾಗಲಿಲ್ಲ.

ತೀರ್ಪು ನಮ್ಮ ಬೇಸಿಗೆಯ ಕೊನೆಗೆ, ಸೆಪ್ಟೆಂಬರಿನಲ್ಲಿ ಬಂತು. ಮನೆ ಶಾಮಾಳದೇ ಎಂದಾಯಿತು. ನನ್ನ ಸಾಕ್ಷಿಯನ್ನು ಒಪ್ಪಿದ ನ್ಯಾಯಾಧೀಶರೇ ನನ್ನ ತಪ್ಪೊಪ್ಪಿಗೆಯನ್ನೂ ಒಪ್ಪಿದರು. ಮೂರು ತಿಂಗಳು ನಾನು ಲೇಖನಿ ಮುಟ್ಟುವ ಹಾಗಿರಲಿಲ್ಲ. ಮೆಕ್ಕಿಗೆ ಶಿಕ್ಷೆಯೇನೂ ಇರಲಿಲ್ಲ, ಬರೀ ಎಚ್ಚರಿಕೆ. ಬೇರೆ ಜೋಡಿ ಹುಡುಕಿಕೋ ಎಂದೆ. ಅವನು ಹುಡುಕಲಿಲ್ಲ. ದಿನವೂ ಚಹಾದಂಗಡಿಗೆ ಬಂದು ನನ್ನೆದುರು ಕೂತು, ನಿನ್ನಿಂದ ಹಾಳಾದೆ ಎಂದು ಬೈದು, ಸೊಸೆಯ ದೂರು ಪೂರ್ತಿ ಹೇಳಿ ಎದ್ದು ಹೋಗುತ್ತಿದ್ದ.

ಗೋಡೆ ಒಡೆಯುವ ಆಸೆ ಹೋದ ಮೇಲೆ ಜವಾದನಿಗೆ ಹಾಜ್ ಬುಶ್ತಾನ ಮನೆಯೂ ಬೇಡವಾಯಿತು. ಡಿಸೆಂಬರಿನಲ್ಲಿ ಅದನ್ನು ಒಬ್ಬ ಶಾಲಾ ಮಾಸ್ತರು ಕೊಳ್ಳಲು ಬಂದರು. ನನ್ನ ಮೂರು ತಿಂಗಳು ಆಗಷ್ಟೇ ಮುಗಿದಿತ್ತು. ಹಾಜ್ ಬುಶ್ತಾ ಮುಖ ತಗ್ಗಿಸಿಕೊಂಡೇ ನಮ್ಮಲ್ಲಿಗೆ ಬಂದ. ಅವನಿಗೆ ಅನ್ನಲು ನನಗೇನು ಹಕ್ಕು?

ಬಲಗಡೆಯ ಮತ್ತು ಹಿಂದಿನ ಮನೆಗಳ ಬಾಗಿಲು ಮೆಕ್ಕಿಗೆ ಬಿಟ್ಟೆ. ಈ ವಯಸ್ಸಲ್ಲಿ ಬಾಗಿಲು ತಟ್ಟೋ ಗತಿ ಬಂತು ಎನ್ನುತ್ತ ಅವನು ಓಣಿ ತಿರುಗಿದ. ಎಡಗಡೆಯ ಬಾಗಿಲಿಗೆ ನಾನು ಹೋದೆ. ಹಿತ್ತಾಳೆಯ ಚಿಲಕ ತಣ್ಣಗಿತ್ತು. ಎರಡು ಸಲ ತಟ್ಟಿದೆ.

ಲಲ್ಲಾ ಶಾಮಾ ಅರ್ಧ ಬಾಗಿಲು ತೆರೆದಳು. "ಸಿ ಥಾಮಿ? ಏನು ಬಂದ್ರಿ?"

"ಪಕ್ಕದ ಮನೆ ಪತ್ರ ಮಾಡ್ತಿದೀವಿ. ಎಡಕ್ಕೆ ಯಾರ ಮನೆ ಅಂತ ಕೇಳೋಕೆ ಬಂದೆ."

"ನಿಮಗೆ ಗೊತ್ತಿಲ್ವಾ?"

"ಗೊತ್ತು ಲಲ್ಲಾ. ಆದ್ರೂ ಕೇಳ್ಬೇಕು."

ಅವಳು ನನ್ನನ್ನೇ ನೋಡಿದಳು. ಬಾಗಿಲನ್ನು ಪೂರ್ತಿ ತೆರೆದು, ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತಳು.

"ಬತೂಲ್ ಮಗಳು ಶಾಮಾ. ಬರ್ಕೊಳ್ಳಿ."

ಗೋಡೆಗೆ ಹಾಳೆ ಒತ್ತಿಹಿಡಿದು, ನಿಂತಲ್ಲೇ ಬರೆದೆ.

"ಓದಿ," ಎಂದಳು.

"ಎಡಕ್ಕೆ, ಬತೂಲಳ ಮಗಳು ಶಾಮಾಳ ಮನೆ."

ಅವಳ ಕಣ್ಣು ತುಂಬಿದವು, ನನ್ನವೂ. ಓಣಿಯ ಕೊನೆಯಲ್ಲಿ ಮೆಕ್ಕಿ ಯಾರದೋ ಬಾಗಿಲು ತಟ್ಟುತ್ತಿದ್ದದ್ದು ಕೇಳಿಸುತ್ತಿತ್ತು.

"ಇನ್ನೊಂದ್ಸಲ ಓದಿ ಸಿ ಥಾಮಿ," ಎಂದಳು.

ಓದಿದೆ.