ಗುಡ್ ಫಾರ್ ನಥಿಂಗ್ ಸೊಸೆ

ನನ್ನ ಹೆಸರು ರುದ್ರಾಣಿ, ವಯಸ್ಸು ಐವತ್ತೆರಡು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೈದು ಬಂದಿತ್ತು. ಅದನ್ನೂ ಮೇಷ್ಟ್ರು ಕನಿಕರಪಟ್ಟು ಕೊಟ್ಟದ್ದು ಅಂತ ನನ್ನ ಗಂಡ ಮಹೇಶ್ವರಪ್ಪ ಮದುವೆಯಾದಾಗಿನಿಂದ ಆಡಿಕೊಳ್ಳುತ್ತಾರೆ. ಅಂಥ ನಾನು ಹೋದ ವರ್ಷ ಸಂತೇಬೆನ್ನೂರಿನ ಸಂತೆಗೆ ಬದನೆಕಾಯಿ ತರಲು ಹೋದವಳು, ಇಂಗ್ಲಿಷ್ ನುಡಿಗಟ್ಟುಗಳ ಒಂದು ಪುಸ್ತಕ ಹಿಡಿದುಕೊಂಡು ಮನೆಗೆ ಬಂದೆ. ಬದನೆಕಾಯಿ ಮರೆತೇ ಹೋಗಿತ್ತು.

ಕಾರಣ ನನ್ನ ಸೊಸೆ. ಮಗ ಕಲ್ಲೇಶ್ ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ. ಶಿಲ್ಲಾಂಗಿನಲ್ಲಿದ್ದಾಗ ಅಲ್ಲಿನದೇ ನರ್ಸ್ ಇಬಾನ್‌ಳನ್ನು ಮದುವೆಯಾದ. ಒಮ್ಮೆ ಕರೆದುಕೊಂಡು ಬಂದಿದ್ದ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಖಾಸಿ ಭಾಷೆ ಬಾರದು, ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೇ. ಎರಡು ದಿನ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ನಕ್ಕು ಕೆನ್ನೆ ನೋವು ಬಂತು. ಅವಳಿಗೆ ಚೆನ್ನಾಗಿ ಬರುವುದು ಇಂಗ್ಲಿಷ್ ಒಂದೇ.

ಆಗ ಅವಳು ಬಸುರಿ. ಕಲ್ಲೇಶನಿಗೆ ಗಡಿಯ ಹತ್ತಿರ ವರ್ಗವಾಗಿತ್ತು, ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ನಿಜ, ಆದರೆ ಅವಳಿಗೆ ತಾಯಿ ಇಲ್ಲ. ಬಾಣಂತನ ನಾನೇ ಮಾಡಬೇಕು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಫೋನಿನಲ್ಲಿ ಮಗನಿಗೆ ಹೇಳಿದರೆ ಅವನು ರಾಗ ಎಳೆದ.

"ಐದು ತಿಂಗಳು ತುಂಬಿದ್ಮೇಲೆ ಬರ್ತಾಳೆ ಅವ್ವಾ. ಒಂದು ತಿಂಗಳು ಇದ್ದು ನೋಡ್ಲಿ. ಮನಸ್ಸಿಗೆ ಬಂದ್ರೆ ಹೆರಿಗೆನೂ ಅಲ್ಲೇ. ಇಲ್ಲಾಂದ್ರೆ ಶಿಲ್ಲಾಂಗ್‌ನಾಗೆ ಅವಳ ಚಿಕ್ಕಮ್ಮ ಕರೀತಾ ಅದಾರೆ. ನೀನು ಒತ್ತಾಯ ಮಾಡಬ್ಯಾಡ."

ಒತ್ತಾಯ ಮಾಡಲಿಲ್ಲ. ಪುಸ್ತಕ ಕೊಂಡೆ.

ನಮ್ಮ ಪಕ್ಕದ ಬೀದಿಯ ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕೇಳುವವರಿಲ್ಲದೆ ಸೊರಗಿಹೋಗಿದ್ದರು ಪಾಪ. ನಾನು ಅಂಗಳದಲ್ಲಿ ಅಡಿಕೆ ಆರಿಸಲು ಕೂತರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ದಿನಕ್ಕೆ ಐದು ನುಡಿಗಟ್ಟು.

ಮೊದಲ ದಿನವೇ ನನಗೂ ಅವರಿಗೂ ಜಗಳ. "ಲುಕ್ ಆಫ್ಟರ್ ಅಂದ್ರೆ ಆರೈಕೆ ಮಾಡೋದು" ಅಂದರು. ಲುಕ್ ಅಂದರೆ ನೋಡು, ಆಫ್ಟರ್ ಅಂದರೆ ಆಮೇಲೆ, ಅಷ್ಟು ನನಗೂ ಗೊತ್ತಿತ್ತು.

"ಆಮೇಲೆ ನೋಡ್ತೀನಿ ಅನ್ನೋದು ಆರೈಕೆ ಹೆಂಗಾಗ್ತೈತಿ ಸಾರ್? ಬೀದಿ ಲೈಟು ಕೇಳಾಕೆ ಪಂಚಾಯ್ತಿಗೆ ಹೋದ್ರೆ ಎಲ್ರೂ ನಮಗೆ ಅದನ್ನೇ ಹೇಳಿ ಕಳಿಸ್ತಾರೆ."

ಮೇಷ್ಟ್ರು ಸಿಟ್ಟಾಗಲಿಲ್ಲ. ಪಕ್ಕದ ತಟ್ಟೆಯಿಂದ ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದು ಹೇಳಿದರು: "ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಬಾಯಿ ಕೆಂಪಾಗಿದ್ದು ಯಾವುದರಿಂದ? ಬಿಡಿಸಿ ನೋಡಿದ್ರೆ ಸಿಗಲ್ಲಮ್ಮ. ಹಂಗೇ ಇದು."

ಆ ಮಾತು ನನಗೆ ಹಿಡಿಸಿತು. ಅಲ್ಲಿಂದ ಮುಂದೆ ನನಗೆ ಹುಚ್ಚೇ ಹಿಡಿಯಿತು ಅನ್ನಬೇಕು. ಗಿವ್ ಅಂದರೆ ಕೊಡು. ಆದರೆ ಗಿವ್ ಅಪ್ ಅಂದರೆ ಕೈಚೆಲ್ಲು, ಗಿವ್ ಇನ್ ಅಂದರೆ ಸೋಲೊಪ್ಪಿಕೋ. ಕೊಡುವವನು ಮೇಲಕ್ಕೆ ಕೊಟ್ಟರೂ ಒಳಕ್ಕೆ ಕೊಟ್ಟರೂ ಸೋಲುವುದು ಅವನೇ ಯಾಕೆ? ಅವರಲ್ಲಿ ಗಿವ್ ಎ ಹ್ಯಾಂಡ್ ಅಂದರೆ ನೆರವಾಗುವುದು. ನಮ್ಮಲ್ಲಿ ಕೈಕೊಟ್ಟ ಅಂದರೆ ಮೋಸ ಮಾಡಿದ. ಒಂದೇ ಕೈ, ಅಲ್ಲಿ ಎತ್ತುತ್ತದೆ, ಇಲ್ಲಿ ಬೀಳಿಸುತ್ತದೆ. ಇನ್ನು ಕಂಡವರ ವಿಷಯಕ್ಕೆ ಮೂಗು ತೂರಿಸುವುದು ಮಾತ್ರ ಎರಡೂ ಕಡೆ ಒಂದೇ. ಅದನ್ನು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಂಗ್ಲಿಷಿನವರಿಗೂ ಗೋಡೆಯಾಚೆ ಒಬ್ಬ ಪ್ರೇಮಮ್ಮ ಇದ್ದಾಳೆ ಅಂದುಕೊಂಡೆ. ಪ್ರೇಮಮ್ಮ ನಮ್ಮ ನೆರೆಮನೆಯವಳು. ನಾನು ಓದುವುದನ್ನು ಮೊದಲ ದಿನದಿಂದ ಗೋಡೆ ಮೇಲಿಂದ ನೋಡುತ್ತಲೇ ಇದ್ದಳು.

ಪುಸ್ತಕದಲ್ಲಿ ಹೊಗಳುವ ನುಡಿಗಟ್ಟುಗಳೂ ಬೇಕಾದಷ್ಟಿದ್ದವು. ಅವು ಬಂದಾಗ ನಾನು ಹಾಳೆ ಮಗುಚುತ್ತಿದ್ದೆ. ಮನೆಯವರನ್ನು ಮನೆಯವರೇ ಹೊಗಳಿ ದೃಷ್ಟಿ ಹಚ್ಚುತ್ತಾರೆಯೇ? ನಮ್ಮಲ್ಲಿ ಮುದ್ದಾದ ಮಗುವನ್ನು ಎತ್ತಿಕೊಂಡು 'ಏನ್ ಕೋತಿ ಇದ್ದಂಗೈತಿ' ಅನ್ನುತ್ತೇವೆ. ಅದು ಮಗುವಿಗೆ ಕಟ್ಟುವ ಕಾವಲು. ಆದ್ದರಿಂದ ಬೈಯುವ ನುಡಿಗಟ್ಟುಗಳನ್ನೇ ಆರಿಸಿ ಬಾಯಿಪಾಠ ಮಾಡಿದೆ. ಗುಡ್ ಫಾರ್ ನಥಿಂಗ್ ಅಂದರೆ ಯಾವುದಕ್ಕೂ ಬಾರದವಳು. ಪೇನ್ ಇನ್ ದ ನೆಕ್ ಅಂದರೆ ದೊಡ್ಡ ತಲೆನೋವು. ಸೊಸೆಗೆ ಹೇಳಲು ಎಷ್ಟು ಚೆನ್ನಾಗಿವೆ ಅನ್ನಿಸಿತು.

ಕಾರ್ತಿಕದಲ್ಲಿ ಇಬಾನ್ ಬಂದಳು. ಬಾಗಿಲಲ್ಲೇ "ಕಮ್ ಇನ್, ಸಿಟ್ ಡೌನ್, ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್" ಅಂದೆ. ಅವಳು ಬ್ಯಾಗು ಕೆಳಗಿಟ್ಟು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವರ ಕಡೆ ಮದುವೆಯಾದ ಮೇಲೆ ಗಂಡೇ ಹೆಣ್ಣಿನ ಮನೆಗೆ ಹೋಗುವುದಂತೆ. ಅತ್ತೆಮನೆಗೆ ಬಂದವರಲ್ಲಿ ಅವರ ವಂಶಕ್ಕೇ ಇವಳು ಮೊದಲಿನವಳು. ಮೂರನೇ ದಿನಕ್ಕೆ ನನ್ನ ಜೊತೆ ಅಡಿಕೆ ಆರಿಸಲು ಕೂತಳು. ಅವರೂ ಎಲೆ ಅಡಿಕೆ ಹಾಕುವ ಜನ ಅಂತ ಆಗ ಗೊತ್ತಾಯಿತು. ದಿನಕ್ಕೆ ನಾಲ್ಕು ಕನ್ನಡ ಮಾತು ಕಲಿಸು ಅಂದಳು. ಒಳ್ಳೆಯದು, ಕೆಟ್ಟದ್ದು, ಊಟ, ಸಾಕು ಅಂತ ಶುರುಮಾಡಿದೆವು. ಅಂಥ ಹುಡುಗಿ. ಅವಳನ್ನು ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ವಾರವೇ ಪ್ರೇಮಮ್ಮ ಬಂದಳು. "ಎಂಥ ಬಣ್ಣ ರುದ್ರಾಣಿ, ಗೊಂಬೆ ತಂದು ಕೂರಿಸ್ದಂಗೈತಿ ನೋಡು" ಅಂದಳು. ಬಸುರಿ ಹೆಂಗಸಿಗೆ ಇಂಥ ಮಾತು ತಾಗಲೇಬಾರದು. "ಏನ್ ಗೊಂಬೆ ಬಿಡೇ, ಕಪ್ಪೆ ಮೂತಿ" ಅಂದೆ. ಸೊಸೆಗೂ ನಾನು ಅವಳ ಕಡೆಗಿದ್ದೇನೆ ಅಂತ ತಿಳಿಯಲಿ ಎಂದು ಅವಳ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದೆ: "ಗುಡ್ ಫಾರ್ ನಥಿಂಗ್."

ಇಬಾನ್ ನಗಲಿಲ್ಲ. ಉಚ್ಚಾರಣೆ ತಪ್ಪಾಗಿರಬೇಕು ಅಂದುಕೊಂಡೆ.

ಇನ್ನೊಂದು ದಿನ ಅವಳು ಎಳ್ಳು ಹಾಕಿ ಒಂದು ಪಲ್ಯ ಮಾಡಿದಳು. ಮಹೇಶ್ವರಪ್ಪನವರು ಎರಡು ಸಲ ಹಾಕಿಸಿಕೊಂಡರು. ಬಾಯಿ ತಪ್ಪಿ ಚೆನ್ನಾಗಿದೆ ಅಂದುಬಿಟ್ಟಾರು ಅಂತ ನಾನೇ ಮುಂಚೆ "ನಾಟ್ ಮೈ ಕಪ್ ಆಫ್ ಟೀ", ಅಂದರೆ ಇದು ನನಗೆ ಹಿಡಿಸುವಂಥದ್ದಲ್ಲ, ಅಂದೆ. ತಟ್ಟೆ ಮಾತ್ರ ನೆಕ್ಕಿದಂತೆ ಖಾಲಿ ಮಾಡಿದ್ದೆ. ಅವಳು ನನ್ನ ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ಸುಮ್ಮನೆ ಎದ್ದು ಹೋದಳು. ಆಮೇಲೆ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಮಾತೂ ಕಡಿಮೆಯಾಯಿತು. ಬಸುರಿ, ಬೇಸರ ಇರುತ್ತದೆ ಅಂತ ನಾನು ಸುಮ್ಮನಿದ್ದೆ. ಎಷ್ಟು ಪುಸ್ತಕ ಓದಿದರೇನು, ಎದುರಿಗಿದ್ದ ಮುಖ ಓದಲಿಲ್ಲ ನಾನು.

ಇಪ್ಪತ್ತನೇ ದಿನಕ್ಕೆ ಆಶಾ ಕಾರ್ಯಕರ್ತೆ ಚೌಡೇಶ್ವರಿ ಬಂದು ತೂಕ ನೋಡಿದಳು, ಕಾರ್ಡು ನೋಡಿದಳು. "ಈ ಬೀದ್ಯಾಗೆ ಇಷ್ಟು ಚಲೋ ರಕ್ತ ಯಾರಿಗೂ ಇಲ್ಲ ನೋಡ್ರಿ. ಮಗುನೂ ಭಾರಿ ಚೆನ್ನಾಗೈತೆ" ಅಂತ ಇಡೀ ಬೀದಿಗೆ ಕೇಳುವಂತೆ ಸಾರಿದಳು. ತಾಯಿಯ ಮೇಲೊಂದು, ಮಗುವಿನ ಮೇಲೊಂದು, ಒಟ್ಟಿಗೆ ಎರಡು ಹೊಗಳಿಕೆ. ನಾನು ಇನ್ನೂ ಜೋರಾಗಿ ಅಂದೆ, "ಏನ್ ಚೆನ್ನಾಗೈತೋ, ನನಗಂತೂ ಪೇನ್ ಇನ್ ದ ನೆಕ್."

ಇಬಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಗೆ ಕಲ್ಲೇಶನ ಫೋನು ಬಂತು.

"ಏನಂದೆ ಅವ್ವಾ ಅವಳಿಗೆ? ನಾಡಿದ್ದಿಗೆ ಟಿಕೆಟ್ ಮಾಡ್ಸು, ಚಿಕ್ಕಮ್ಮನ ಮನೆಗೆ ಹೋಗ್ತೀನಿ ಅಂತ ಅಳ್ತಾ ಅದಾಳೆ. ಬಂದಾಗಿಂದ ಬರೀ ಬೈತಾ ಇದ್ದೀಯಂತೆ. ಅದಕ್ಕೇನಾ ಇಂಗ್ಲಿಷ್ ಕಲ್ತಿದ್ದು?"

ಫೋನು ಮಹೇಶ್ವರಪ್ಪನವರ ಕೈಗೆ ಕೊಟ್ಟು ಹೋಗಿ ಬಾಗಿಲು ತಟ್ಟಿದೆ.

ತೆಗೆದಳು. ಮಂಚದ ಮೇಲೆ ಬ್ಯಾಗು ಅರ್ಧ ತುಂಬಿತ್ತು. ಅವಳ ಕಣ್ಣು ಊದಿದ್ದವು. ನಾನು ಎರಡು ತಿಂಗಳು ಕೂತು ಕಲಿತದ್ದನ್ನೆಲ್ಲ ಮನಸ್ಸಿನಲ್ಲಿ ತಡಕಾಡಿದೆ. ಒಂದೂ ಸಿಗಲಿಲ್ಲ. ಅವಳೇ ಕೇಳಿದಳು, ನಿಧಾನವಾಗಿ, ನನಗೆ ಅರ್ಥವಾಗುವಂತೆ.

"ಅಮ್ಮಾ, ಡು ಯು ಲೈಕ್ ಮಿ?"

ನಮ್ಮ ಮನೆಗಳಲ್ಲಿ ಹೀಗೆ ಯಾರೂ ಕೇಳುವುದಿಲ್ಲ. ಕೇಳಿದರೂ 'ಯಾರಿಗೆ ಬೇಕಾಗಿದ್ದೀಯೇ ನೀನು' ಅಂತ ಗದರಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತೇವೆ. ಗದರಿಸುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳ ಮುಖ ನೋಡಿ ನುಂಗಿಕೊಂಡೆ.

"ಯೆಸ್" ಅಂದೆ. "ವೆರಿ."

"ದೆನ್ ವೈ?"

ವೈ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇತ್ತು. ಅದನ್ನು ನಾನು ಕನ್ನಡದಲ್ಲೂ ಯಾರಿಗೂ ಹೇಳಿರಲಿಲ್ಲ. ಹೊನ್ನಾಳಿಯಲ್ಲಿ ಒಂದು ಮದುವೆಗೆ ನನ್ನ ಹನ್ನೊಂದು ತಿಂಗಳ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಬಂದವರೆಲ್ಲ ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡು ಚಂದ, ಚಂದ ಅಂದರು. ನಾನೂ ಹಿಗ್ಗಿ ಹೂಂ ಅಂದೆ. ಆವತ್ತೇ ಜ್ವರ ಬಂತು. ಡಾಕ್ಟರು ಏನೋ ಹೆಸರು ಹೇಳಿದರು, ಅದು ದೃಷ್ಟಿ ಅಲ್ಲ ಅಂತ ನನಗೂ ಗೊತ್ತು. ಗೊತ್ತಿದ್ದರೂ ಆವತ್ತಿನಿಂದ ನಾನು ಪ್ರೀತಿಸುವವರ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿಲ್ಲ.

"ಫಸ್ಟ್ ಬೇಬಿ" ಅಂದೆ. "ಗರ್ಲ್. ಎವ್ರಿಬಡಿ ಸೇ ಬ್ಯೂಟಿಫುಲ್, ಬ್ಯೂಟಿಫುಲ್. ಐ ಆಲ್ಸೋ ಸೇ. ದೆನ್ ಫೀವರ್. ತ್ರೀ ಡೇಸ್." ಮುಂದಿನದು ಪುಸ್ತಕದ ಅರವತ್ತನೇ ಪುಟದಲ್ಲಿತ್ತು. ಅದನ್ನು ಕಲಿಯುವಾಗ ಪಾಸ್ ಆದವರು ದೂರ ಯಾಕೆ ಹೋಗುತ್ತಾರೆ ಅಂತ ಮೇಷ್ಟ್ರನ್ನು ತಮಾಷೆ ಮಾಡಿದ್ದೆ. "ಪಾಸ್ಡ್ ಅವೇ" ಅಂದೆ.

ಇಬಾನ್ ಹತ್ತಿರ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಯು ಗುಡ್" ಅಂದೆ. "ಯು ಟೂ ಗುಡ್. ಸೋ ಐ ಅಫ್ರೇಡ್. ಸೋ ಐ ಸೇ ಬ್ಯಾಡ್."

ಅವಳು ನನ್ನನ್ನು ಮಂಚದ ಮೇಲೆ ಕೂರಿಸಿದಳು. ಯಾರು ಹೊಗಳಿದರೆ ಹೀಗಾಗುತ್ತದೆ, ಬರೀ ಮಕ್ಕಳಿಗೋ ದೊಡ್ಡವರಿಗೂನೋ ಅಂತ ಒಂದೊಂದೇ ಕೇಳಿದಳು. ಯಾರಿಗೆ ಬೇಕಾದರೂ ತಾಗಬಹುದು ಅಂದೆ. ಹೂಂ ಅಂತ ತಲೆಯಾಡಿಸಿದಳು. ಬ್ಯಾಗಿನಿಂದ ಬಟ್ಟೆ ತೆಗೆಯಲೂ ಇಲ್ಲ, ಇನ್ನಷ್ಟು ತುಂಬಲೂ ಇಲ್ಲ. ನಾನು ಹೊರಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಇಬಾನ್ ಸ್ನಾನ ಮಾಡಿ ಬಂದು ಬಟ್ಟೆ ಒಣಹಾಕುತ್ತಿದ್ದಳು. ಒಣಹಾಕಿದ್ದು ಹಿಂದಿನ ದಿನ ಬ್ಯಾಗಿಗೆ ತುಂಬಿದ್ದ ಅವೇ ಬಟ್ಟೆಗಳು. ಪ್ರೇಮಮ್ಮ ಗೋಡೆ ಮೇಲಿಂದ ಇಣುಕಿದಳು. ಹಿಂದಿನ ದಿನದ ಅಳು ಅವಳ ಕಿವಿಗೆ ಬಿದ್ದಿರಲೇಬೇಕು.

"ನಿಮ್ಮತ್ತೆ ಹೆಂಗೆ ಹುಡುಗಿ? ಒಳ್ಳೇದಾ?" ಅಂತ ಕೈಯಾಡಿಸಿ ಕೇಳಿದಳು.

ಇಬಾನ್ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದಳು. ಆಮೇಲೆ ಪ್ರೇಮಮ್ಮನ ಕಡೆ ತಿರುಗಿ, ಕಲಿತ ನಾಲ್ಕು ಮಾತಿನಲ್ಲಿ ಹುಡುಕಿ ಹುಡುಕಿ ಹೇಳಿದಳು.

"ಅತ್ತೆ ಕೆಟ್ಟದ್ದು. ಬಾಳ ಕೆಟ್ಟದ್ದು."

ಪ್ರೇಮಮ್ಮ ಬಾಯಿ ತೆರೆದುಕೊಂಡು ನಿಂತಳು. ನನ್ನ ಕೈ ಅಡಿಕೆಯ ಮೇಲೆ ಹಾಗೇ ನಿಂತಿತು. ಇಷ್ಟು ವರ್ಷದಲ್ಲಿ ನನಗೆ ದೃಷ್ಟಿ ತಾಗೀತು ಅಂತ ಹೆದರಿದವಳು ಇವಳೊಬ್ಬಳೇ.