ಅತ್ತಿಗೆಯ ಹೂಂ

ಇಪ್ಪತ್ತೆಂಟು ವರ್ಷ ಬೇರೆಯವರ ಬೆನ್ನ ಹಿಂದೆ ನಿಂತು ಹಾಡಿದವಳಿಗೆ ಐವತ್ತಾರನೇ ವಯಸ್ಸಿನಲ್ಲಿ ಸ್ವಂತದ್ದೊಂದು ಆಲ್ಬಂ ಮಾಡುವ ಯೋಗ ಬಂತು. ಎದೆಯೊಳಗಿನದನ್ನೆಲ್ಲ ಹೊರಗೆ ಸುರಿದು ಹಾಡುವ ಸೋಲ್ ಸಂಗೀತ, ಒಂಬತ್ತು ಹಾಡು, ಮುಖಪುಟದಲ್ಲಿ ಅವಳೊಬ್ಬಳದೇ ಚಿತ್ರ. ಆದರೆ ಸ್ಟುಡಿಯೋದ ಮೊದಲ ದಿನವೇ ಎಡವಟ್ಟಾಯಿತು. ವಾದ್ಯಗಳು ಶುರುವಾದವು, ಅವಳು ಹಾಡಬೇಕಾದ ಜಾಗ ಬಂತು, ಹೋಯಿತು. ಅವಳು ಗರ ಬಡಿದವಳಂತೆ ನಿಂತೇ ಇದ್ದಳು. ಏಳನೇ ಸಲವೂ ಹಾಗೇ ಆದಾಗ ಡ್ರಮ್ಮರ್ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಸೂರು ನೋಡತೊಡಗಿದ.

ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು, ಹೇಳಲು ನಾಚಿಕೆ. ಅಷ್ಟು ವರ್ಷವೂ ಹಿಮ್ಮೇಳದ ಮೈಕಿನ ಮುಂದೆ ಅವಳ ಪಕ್ಕ ನಿಂತವಳು ಅಣ್ಣನ ಹೆಂಡತಿ. ಹಾಡಿಗೆ ಸೇರಿಕೊಳ್ಳುವ ಗಳಿಗೆ ಬಂದಾಗ ಅತ್ತಿಗೆ ಮೊಣಕೈಯಿಂದ ಒಮ್ಮೆ ತಿವಿದು, ಗಂಟಲಲ್ಲೇ "ಹೂಂ" ಅನ್ನುತ್ತಿದ್ದಳು. ಅವಳನ್ನು ಈ ಕೆಲಸಕ್ಕೆ ಕೈಹಿಡಿದು ಕರೆತಂದವಳೂ ಅತ್ತಿಗೆಯೇ. ಈಗ ಅತ್ತಿಗೆಗೆ ಉಸಿರು ಸಾಲದು. ಹಾಡು ಬಿಟ್ಟು ಮೂರು ವರ್ಷವಾಗಿತ್ತು; ಅವಳ ಜತೆಗೇ ಇವಳೂ ಹಿಮ್ಮೇಳ ಬಿಟ್ಟಿದ್ದಳು. ಆ ತಿವಿತವಿಲ್ಲದೆ ಬಾಯಿ ತೆರೆಯುವುದು ಇವಳಿಗೆ ಬರುತ್ತಲೇ ಇರಲಿಲ್ಲ.

ಮಾರನೇ ದಿನ ಫೋನ್ ಮಾಡಿ ಅತ್ತಿಗೆಯನ್ನೇ ಕರೆಸಿಕೊಂಡಳು. ಅತ್ತಿಗೆ ಮೆಟ್ಟಿಲು ಹತ್ತಿದ ಏದುಸಿರು ಅಡಗುವವರೆಗೆ ಕೂತಿದ್ದು, ಚಪ್ಪಲಿ ಬಿಟ್ಟು, ಗಾಜಿನ ಕೋಣೆಯೊಳಗೆ ಬಂದು ಪಕ್ಕದಲ್ಲಿ ನಿಂತಳು.

"ಐವತ್ತಾರಾಯ್ತು ಪುಟ್ಟಿ ನಿಂಗೆ. ಇನ್ನೂ ನಾನೇ ತಿವೀಬೇಕಾ?"

"ತಿವಿ ಅತ್ತಿಗೆ, ಮಾತು ಆಮೇಲೆ."

ತಿವಿದಳು, ಹೂಂ ಅಂದಳು, ಹಾಡು ಹರಿಯಿತು. ನಾಲ್ಕು ದಿನದಲ್ಲಿ ಒಂಬತ್ತೂ ಮುಗಿದವು.

ಫಜೀತಿಯೆಂದರೆ, ಆ ಹೂಂ ಒಂಬತ್ತೂ ಹಾಡಿನ ಮೊದಲಲ್ಲಿ ಮೆಲ್ಲಗೆ ರೆಕಾರ್ಡ್ ಆಗಿ ಕೂತಿತ್ತು. ಆಲ್ಬಂ ಹೊರತರುವ ಕಂಪನಿಯ ಮ್ಯಾನೇಜರ್ ಹೆಡ್‌ಫೋನ್ ಕಿತ್ತಿಟ್ಟ. "ಇದೇನು ಮೇಡಂ, ಯಾರೋ ನರಳಿದ ಹಾಗಿದೆ! ಎಂಜಿನಿಯರ್‌ಗೆ ಹೇಳಿ ತೆಗೆಸ್ಬಿಡ್ತೀನಿ."

ಮ್ಯಾನೇಜರುಗಳಿಗೆ ಅವಳು ಯಾವತ್ತೂ ಎದುರಾಡಿದವಳಲ್ಲ. ಅವತ್ತು ಆಡಿದಳು. "ಅದನ್ನ ತೆಗೆದ್ರೆ ನನ್ನ ಹಾಡೂ ತೆಗೀರಿ." ಇಪ್ಪತ್ತೆಂಟು ವರ್ಷದಲ್ಲಿ ಅತ್ತಿಗೆಯ ಹೆಸರನ್ನು ಯಾವ ಆಲ್ಬಮ್ಮಿನ ಮೇಲೂ ಯಾರೂ ಹಾಕಿರಲಿಲ್ಲ. ಉಳಿದಿರುವುದು ಇದೊಂದು ಹೂಂ. ಇದನ್ನೂ ಅಳಿಸಲು ಬಿಟ್ಟರೆ ತಾನು ಉಂಡ ಮನೆಗೆ ಎರಡು ಬಗೆದಂತೆ ಅನ್ನಿಸಿತು. ಮ್ಯಾನೇಜರ್ ಕೈಚೆಲ್ಲಿದ.

ಆಲ್ಬಂ ಹೊರಬಂದ ವಾರಕ್ಕೆ ಪತ್ರಿಕೆಯಲ್ಲಿ ಮೊದಲ ವಿಮರ್ಶೆ ಬಂತು. ಕಂಠವನ್ನು ಹೊಗಳಿ ಹೊಗಳಿ, ಕೊನೆಗೆ ಆ ಮಹಾಶಯ ಬರೆದಿದ್ದ: 'ಪ್ರತಿ ಹಾಡಿಗೂ ಮೊದಲು ಯಾರೋ ಮುಲುಗುತ್ತಾರೆ. ಸ್ಟುಡಿಯೋದಲ್ಲಿ ಕಿವಿಯಿದ್ದವರು ಯಾರೂ ಇರಲಿಲ್ಲವೇ?' ಲೋಕದಲ್ಲಿ ಕಿವಿಯಿರುವುದು ಅವನೊಬ್ಬನಿಗೇ! ಅವಳು ಪತ್ರಿಕೆಯನ್ನು ಮಡಚಿ ಬಚ್ಚಿಡುವಷ್ಟರಲ್ಲಿ ಅತ್ತಿಗೆ ತನ್ನ ಮನೆಯಲ್ಲಿ ಓದಿಯಾಗಿತ್ತು.

"ನಿನ್ನ ಹೆಸರಿಗೆ ನಾನೇ ಕಲ್ಲು ಹಾಕ್ದೆ ಕಣೆ," ಎಂದಳು ಫೋನಿನಲ್ಲಿ. "ಅಳಿಸ್ಬಿಡು ಅದನ್ನ."

ಆಮೇಲೆ ಕೇಳುಗರ ಕಾಗದಗಳು ಬರತೊಡಗಿದವು. ಬಸ್ ಡ್ರೈವರ್ ಒಬ್ಬ, ಬೆಳಿಗ್ಗೆ ಗಾಡಿ ಶುರುಮಾಡುವ ಮುಂಚೆ ನಾನೂ ಹೂಂ ಅಂತೀನಿ, ಧೈರ್ಯ ಬರುತ್ತೆ ಎಂದು ಬರೆದಿದ್ದ. ಅವಳು ಓಡಿಹೋಗಿ ಅದನ್ನು ಓದಿ ಹೇಳಿದರೆ ಅತ್ತಿಗೆ ನಂಬಬೇಕಲ್ಲ. "ನೀನೇ ಬರೆಸಿರ್ತೀಯ," ಎಂದು ಬಟ್ಟೆ ಮಡಚುತ್ತ ಕೂತಳು. ಮುಂದಿನ ತಿಂಗಳು ಅವಳ ಹಾಡಿನ ಕಛೇರಿಯಿತ್ತು; ಪಕ್ಕದಲ್ಲಿ ನಿಲ್ಲಲು ವೇದಿಕೆ ಹತ್ತುವುದಂತೂ ಸುತರಾಂ ಆಗದು ಅಂದಳು ಅತ್ತಿಗೆ. ಕೊನೆಗೆ ಅಣ್ಣನೇ ಪುಸಲಾಯಿಸಿ, ಕೇಳುವುದಕ್ಕಾದರೂ ಬಾ ಎಂದು ಒಪ್ಪಿಸಿದ.

ಆ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಅತ್ತಿಗೆ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ತಪ್ಪು ಮಾಡಿದವಳಂತೆ ಕೂತಿದ್ದಳು. ವೇದಿಕೆಯ ಮೇಲೆ ಹಾಡುವವಳ ಎಡಗಡೆ, ಅತ್ತಿಗೆ ನಿಲ್ಲುತ್ತಿದ್ದ ಜಾಗ, ಖಾಲಿ. ವಾದ್ಯಗಳು ಶುರುವಾದವು. ಮತ್ತೆ ಕಲ್ಲಿನಂತೆ ನಿಂತರೆ, ಇಷ್ಟು ಜನರ ಎದುರು? ಹಾಡುವ ಜಾಗ ಹತ್ತಿರ ಬಂತು.

"ಹೂಂ," ಅಂದಿತು ಸಭಾಂಗಣ.

ಆರುನೂರು ಗಂಟಲು, ರೆಕಾರ್ಡಿನಲ್ಲಿ ಇದ್ದಷ್ಟೇ ಮೆಲ್ಲಗೆ. ಯಾರೂ ಹೇಳಿಕೊಟ್ಟಿರಲಿಲ್ಲ; ಅದೂ ಹಾಡಿನದೇ ಭಾಗವೆಂದು ಅವರು ಕಲಿತುಬಿಟ್ಟಿದ್ದರು. ಅವಳು ಅವರನ್ನೇ ನೋಡುತ್ತ ನಿಂತಳು, ಜಾಗ ತಪ್ಪಿಹೋಯಿತು. ಡ್ರಮ್ಮರ್ ಈ ಸಲ ಸೂರು ನೋಡಲಿಲ್ಲ. ನಗುತ್ತ ಹಾಡಿನ ಮೊದಲ ತಾಳವನ್ನೇ ಇನ್ನೊಂದು ಸುತ್ತು ನುಡಿಸಿದ. ಅವಳು ಕಣ್ಣೊರೆಸಿಕೊಂಡು ಮೂರನೇ ಸಾಲಿನ ಕಡೆ ನೋಡಿದಳು. ಇಷ್ಟೆಲ್ಲ ಕೊಟ್ಟವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ಸುತ್ತು ಮುಗಿಯುತ್ತ ಬಂದಾಗ ಅತ್ತಿಗೆಯ ಕೈ ಬಾಯಿಂದ ಕೆಳಗಿಳಿಯಿತು. ಹಳೆಯ ಅಭ್ಯಾಸ, ಎಲ್ಲಿ ಹೋದೀತು? ಮೊಣಕೈ ಹೋಗಿ ಪಕ್ಕದ ಕುರ್ಚಿಯ ಅಪರಿಚಿತರ ಪಕ್ಕೆಗೆ ತಿವಿಯಿತು, ಅವರು ಬೆಚ್ಚಿ ನೆಟ್ಟಗೆ ಕೂತರು, ಮತ್ತು ವೇದಿಕೆಯ ಮೇಲಿದ್ದವಳು ಸರಿಯಾದ ಜಾಗಕ್ಕೆ ಬಾಯಿ ತೆರೆದಳು.